ಹತ್ತನೆಯ ಮಗು

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಕಾನ್ವೆಂಟ್ ಶಾಲೆಯ ಗೇಟಿನೆದುರು ಮೂವರು ಬಸ್ಸಿನಿಂದ ಇಳಿದರು. ನಿವೃತ್ತ ಹೆಡ್‌ಮೇಷ್ಟ್ರು, ಅವರ ಮಗಳು, ಮಗಳ ಆರು ವರ್ಷದ ಮಗು. ಬರುವ ವರ್ಷ ಮಗುವನ್ನು ಒಂದನೇ ತರಗತಿಗೆ ಈ ಶಾಲೆಗೆ ಸೇರಿಸಬೇಕೋ, ಮೇಷ್ಟ್ರು ಇಡೀ ನೌಕರಿ ಕಳೆದ ಸರ್ಕಾರಿ ಶಾಲೆಗೆ ಸೇರಿಸಬೇಕೋ ಎಂಬುದು ಸೋಮವಾರದೊಳಗೆ ತೀರ್ಮಾನವಾಗಬೇಕಿತ್ತು.

ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು ಗೇಟನ್ನು ಬುಡದಿಂದ ತುದಿಯವರೆಗೆ ನೋಡಿದರು.

"ಇಷ್ಟೆತ್ತರ ಯಾಕೆ ಕಟ್ಟಿಸಿದ್ದಾರೆ? ಒಳಗಿರೋ ಓದು ಹಾರಿ ಹೋಗ್ಬಾರ್ದು ಅಂತಲಾ?"

"ಅಪ್ಪ, ಈಗಲೇ ಶುರು ಮಾಡ್ಬೇಡಿ. ನೋಡ್ತೀನಿ ಅಂದ್ರಿ, ನೋಡಿ."

"ನೋಡ್ತಾನೇ ಇದ್ದೀನಲ್ಲಮ್ಮಾ. ಕಣ್ಣು ನೋಡುವಾಗ ಬಾಯಿಗೆ ಬೀಗ ಹಾಕ್ಬೇಕು ಅಂತ ಯಾವ ಕಾನೂನಿದೆ?"

ಮಗುವಿಗೆ ಮನೆಯಲ್ಲಿ ಬಟಾಣಿ ಎಂದು ಹೆಸರು. ಹುಟ್ಟಿದಾಗ ಅಷ್ಟು ದುಂಡಗೆ, ಅಷ್ಟು ಚಿಕ್ಕದಾಗಿ ಇದ್ದಳಂತೆ. ಈಗ ದುಂಡಗಿಲ್ಲ, ಹೆಸರು ಉಳಿದಿದೆ. ಅವಳು ಗೇಟಿನ ಸರಳುಗಳ ನಡುವೆ ತಲೆ ತೂರುತ್ತದೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದಳು. ತೂರಲಿಲ್ಲ.

ಮೇಷ್ಟ್ರ ಶಾಲೆ ಅವರ ಮನೆಯಿಂದ ಎರಡು ಬೀದಿ ಆಚೆ. ಒಂದು ಕಾಲಕ್ಕೆ ಅಲ್ಲಿ ಪ್ರತಿ ತರಗತಿಗೂ ಒಬ್ಬ ಮೇಷ್ಟ್ರಿದ್ದರು. ಈಗ ಐದು ತರಗತಿಗೆ ಇಬ್ಬರು. ನಿವೃತ್ತಿಯ ಸನ್ಮಾನ ಮುಗಿಸಿ, ಹಾರವನ್ನು ಮನೆಯ ಮೊಳೆಗೆ ನೇತುಹಾಕಿ, ಮೇಷ್ಟ್ರು ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೇ ಶಾಲೆಗೆ ಹೋಗಿದ್ದರು. ಇಬ್ಬರು ಟೀಚರುಗಳು ಏನೂ ಕೇಳದೆ ಒಂದನೇ ತರಗತಿಯ ಬೀಗದ ಕೈಯನ್ನು ಅವರಿಗೆ ಕೊಟ್ಟಿದ್ದರು. ಅಂದಿನಿಂದ ಸಂಬಳವಿಲ್ಲದೆ ಒಂದನೇ ತರಗತಿ ಅವರದೇ. ಈ ವರ್ಷ ಇಲಾಖೆಯಿಂದ ಸುತ್ತೋಲೆ ಬಂದಿತ್ತು. ಹತ್ತು ಮಕ್ಕಳಿಲ್ಲದಿದ್ದರೆ ಒಂದನೇ ತರಗತಿ ತೆರೆಯುವಂತಿಲ್ಲ. ಒಂದನೇ ತರಗತಿ ತೆರೆಯದ ಶಾಲೆ ಕೆಳಗಿನಿಂದ ಒಂದೊಂದೇ ತರಗತಿ ಖಾಲಿಯಾಗುತ್ತ ಮುಚ್ಚುತ್ತದೆ ಎಂಬುದು ಮೇಷ್ಟ್ರಿಗೆ ಲೆಕ್ಕ ಹಾಕದೆಯೂ ಗೊತ್ತಿತ್ತು. ಬೇಸಿಗೆಯ ಬಿಸಿಲಲ್ಲಿ ಮನೆ ಮನೆ ತಿರುಗಿ ಒಂಬತ್ತು ಮಕ್ಕಳನ್ನು ಹೊಂದಿಸಿದ್ದರು. ಹತ್ತನೆಯದು ಅವರ ಮನೆಯಲ್ಲೇ ಇತ್ತು.

ಹಾಗೆಂದು ಅವರು ಬಾಯಿಬಿಟ್ಟು ಕೇಳಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, "ಇವತ್ತು ಎಂಟಾಯ್ತು," "ಪೇಂಟರ್ ಮನೆಯವರೂ ಒಪ್ಪಿದ್ರು, ಒಂಬತ್ತು," ಎಂದಷ್ಟೇ ಹೇಳಿ ತಟ್ಟೆ ನೋಡುತ್ತಿದ್ದರು.

ಮಗಳು ದೊಡ್ಡಾಸ್ಪತ್ರೆಯ ರಕ್ತನಿಧಿಯಲ್ಲಿ ಟೆಕ್ನಿಷಿಯನ್. ವಾರವಾರಕ್ಕೂ ಬದಲಾಗುವ ಪಾಳಿ. ಗಂಡ ಗೂಡ್ಸ್ ರೈಲಿನ ಗಾರ್ಡ್. ಮನೆಯಲ್ಲಿರುವ ದಿನಗಳಿಗಿಂತ ಇಲ್ಲದ ದಿನಗಳು ಹೆಚ್ಚು. ಶಾಲೆಯ ಮಾತೆತ್ತಿದರೆ ಅವನು, "ಚೀಲ ಹೊರೋದು ನನ್ನ ಕೆಲಸ. ಯಾವ ಗೇಟಿನವರೆಗೆ ಹೊರ್ಬೇಕು ಅಂತ ನೀವಿಬ್ರು ಹೇಳಿ," ಎಂದು ತಪ್ಪಿಸಿಕೊಳ್ಳುತ್ತಿದ್ದ. ಕಾನ್ವೆಂಟಿನ ಮಾತು ಹಾಕಿದ್ದು ಆಸ್ಪತ್ರೆಯ ಹೆಡ್ ನರ್ಸು. ಅವಳ ಇಬ್ಬರು ಮಕ್ಕಳೂ ಅಲ್ಲೇ ಓದಿದವರು. ಒಂದರಿಂದ ಎಂಟರವರೆಗೆ ಒಂದೇ ಆವರಣ. ಸಂಜೆ ಆರರವರೆಗೆ ಮಕ್ಕಳನ್ನು ಒಬ್ಬ ಸಿಸ್ಟರ್ ಕೂರಿಸಿಕೊಂಡು ಪಾಠ ಓದಿಸುತ್ತಾರೆ. "ಪಾಳಿ ಕೆಲಸದೋರಿಗೆ ಇದಕ್ಕಿಂತ ಇನ್ನೇನು ಬೇಕು? ಹೋಗಿ ನೋಡಾದ್ರೂ ನೋಡೇ. ನೋಡೋಕೂ ನಿಮ್ಮಪ್ಪನ ಅಪ್ಪಣೆ ಬೇಕಾ?" ಎಂದು ಹೆಡ್ ನರ್ಸು ಚುಚ್ಚಿದ್ದಳು.

ಅದಕ್ಕೇ ಮಗಳು ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಆದರೆ ಒಳಗೊಳಗೆ ಆಗಲೇ ನಿಶ್ಚಯ ಮಾಡಿದ್ದಳು. ನೋಡಿದೆವು ಎಂದಾಗಬೇಕು, ಆಮೇಲೆ ಅಪ್ಪನ ಶಾಲೆಗೆ ಸೇರಿಸಬೇಕು. ಹಿಂದಿನ ದಿನ ಗಂಡನಿಗೆ ಫೋನಿನಲ್ಲಿ ಹಾಗೆಂದೇ ಹೇಳಿದ್ದಳು. ಅಪ್ಪನ ಕೈಯಿಂದ ಆ ತರಗತಿ ತಪ್ಪಿಸಿ, ಅದೇ ಮನೆಯಲ್ಲಿ ಅವರ ಎದುರು ತಟ್ಟೆ ಇಟ್ಟು ಊಟ ಬಡಿಸುವುದು ಅವಳಿಂದ ಆಗುವ ಮಾತಾಗಿರಲಿಲ್ಲ.

ಒಳಗೆ ಅಂಗಳದ ನಡುವೆ ಮರಿಯಮ್ಮನವರ ಬಿಳಿ ಪ್ರತಿಮೆ. ಚಾಚಿದ ಕೈಯ ಒಂದು ಬೆರಳಿನ ಬಣ್ಣ ಎದ್ದು ಒಳಗಿನ ಗಾರೆ ಕಾಣುತ್ತಿತ್ತು. ವರಾಂಡದ ಗೋಡೆಗುಂಟ ಊಟದ ಡಬ್ಬಿಗಳ ಚೀಲಗಳು ಮೊಳೆಗೊಂದರಂತೆ ನೇತಾಡುತ್ತಿದ್ದವು. ಎಲ್ಲೋ ಒಂದು ತರಗತಿ ಒಟ್ಟಾಗಿ ಮಗ್ಗಿ ಹೇಳುತ್ತಿತ್ತು. ಮೇಷ್ಟ್ರು ಕಿವಿಗೊಟ್ಟು, "ಏಳರ ಮಗ್ಗಿ. ಏಳೆಂಟ್ಲಿ ಹತ್ರ ದನಿ ಇಳೀತು ನೋಡು. ಎಲ್ಲಾ ಕಡೆನೂ ಅಲ್ಲೇ ಇಳಿಯೋದು," ಎಂದರು. ಅದರಲ್ಲಿ ಅವರಿಗೆ ಕೊಂಚ ಸಮಾಧಾನವಿದ್ದಂತೆ ಕಂಡಿತು.

ಪ್ರಿನ್ಸಿಪಾಲರ ಕೋಣೆಯಿಂದ ದೊಡ್ಡ ಸಿಸ್ಟರ್ ತಾವೇ ಹೊರಗೆ ಬಂದರು. ಅರವತ್ತು ದಾಟಿದ ಹೆಂಗಸು. ಬೂದು ನಿಲುವಂಗಿಯ ಕೆಳಗೆ ಆಟದ ಬೂಟು. ಒಂದು ಮಂಡಿ ನೋವಿತ್ತೆಂದು ಕಾಣುತ್ತದೆ, ಹೆಜ್ಜೆ ಒಂದು ಕಡೆಗೆ ವಾಲುತ್ತಿತ್ತು.

"ಬನ್ನಿ, ಬನ್ನಿ. ನೀವು ಆ ಶಾಲೆಯ ಹೆಡ್‌ಮೇಷ್ಟ್ರಲ್ವಾ? ನಿಮ್ಮನ್ನ ತಕ್ಕಡಿ ಮೇಷ್ಟ್ರು ಅಂತಾರೆ ಅಂತ ಕೇಳಿದ್ದೀನಿ."

ಮೇಷ್ಟ್ರು ನಾಚಿಕೊಂಡರು. ಆ ಹೆಸರು ಅವರಿಗೆ ಬಂದದ್ದು ಹೀಗೆ: ಅವರ ತರಗತಿಯಲ್ಲಿ ವಕೀಲರ ಮಗನಿಗೂ ಕಸ ಗುಡಿಸುವವಳ ಮಗನಿಗೂ ಏಟು ಒಂದೇ, ಮೆಚ್ಚುಗೆ ಒಂದೇ. ಯಾರ ಶಿಫಾರಸಿಗೂ ಮುಳ್ಳು ವಾಲುತ್ತಿರಲಿಲ್ಲ. ಬೀದಿಯವರು ಅದನ್ನು ಮೊದಲು ಬೈಗುಳವಾಗಿ ಅಂದು, ಆಮೇಲೆ ಗೌರವವಾಗಿ ಉಳಿಸಿಕೊಂಡಿದ್ದರು.

"ಅಂತಾರಪ್ಪ ಜನ. ಸಿಸ್ಟರ್, ನಾನು ಮೊದಲೇ ಹೇಳಿಬಿಡ್ತೀನಿ. ದುಡ್ಡು ಕೊಟ್ಟು ಓದಿಸೋದು ನನಗೆ ಒಪ್ಪಿಗೆ ಇಲ್ಲ. ನಾನು ಬಂದಿರೋದು ತಪ್ಪು ಹುಡುಕೋಕೆ."

"ಅಯ್ಯೋ, ಹುಡುಕೋದೇನು, ನಾನೇ ತೋರಿಸ್ತೀನಿ," ಎಂದರು ಸಿಸ್ಟರ್. "ಆದ್ರೆ ಪರೀಕ್ಷೆ ಅಂತ ಮೊದಲೇ ಹೇಳಿದ್ರೆ ಓದ್ಕೊಂಡಾದ್ರೂ ಬರ್ತಿದ್ದೆ."

ಬಟಾಣಿ ಸಿಸ್ಟರ್ ಮುಖವನ್ನೇ ನೋಡುತ್ತಿದ್ದಳು. "ನಿಮ್ಮ ತಲೆ ಮೇಲೆ ಬಟ್ಟೆ ಯಾಕೆ?"

"ಬಟಾಣಿ!" ಎಂದಳು ತಾಯಿ.

"ಬಾಚ್ಕೊಳ್ಳೋಕೆ ಸೋಮಾರಿತನ," ಎಂದರು ಸಿಸ್ಟರ್ ಗಂಭೀರವಾಗಿ. "ಯಾರಿಗೂ ಹೇಳ್ಬೇಡ."

ಶಾಲೆ ತೋರಿಸಲು ಸಿಸ್ಟರ್ ಗ್ರಂಥಾಲಯದ ಕಡೆ ತಿರುಗಿದರೆ ಮೇಷ್ಟ್ರು ಹಿಂಭಾಗದ ಕಡೆ ತಿರುಗಿದರು. ಶಾಲೆ ನೋಡಬೇಕೆಂದರೆ ಮೊದಲು ಕಕ್ಕಸು ನೋಡಬೇಕು, ಆಮೇಲೆ ಕುಡಿಯುವ ನೀರು, ಕೊನೆಗೆ ಕೊನೇ ಬೆಂಚು ಎಂಬುದು ಅವರ ಸಿದ್ಧಾಂತ. ಇನ್‌ಸ್ಪೆಕ್ಟರುಗಳು ನೋಡದ ಮೂರು ಜಾಗಗಳು ಇವೇ ಎಂದು ಅವರು ಹೇಳುತ್ತಿದ್ದರು. ಒಳಗೆ ಹೋಗಿ, ನಲ್ಲಿ ತಿರುಗಿಸಿ, ಬಾಗಿಲಿನ ಚಿಲಕ ಮಗುವಿನ ಕೈಗೆ ಎಟುಕುತ್ತದೆಯೇ ಎಂದು ನೋಡಿ ಹೊರಗೆ ಬಂದರು.

"ಹೇಗಿದೆ?" ಎಂದು ಕೇಳಿದಳು ಮಗಳು.

"ಚೊಕ್ಕಟವಾಗಿದೆ," ಎಂದರು ಮೇಷ್ಟ್ರು, ಯಾರೋ ಮೋಸ ಮಾಡಿದಂತೆ.

ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ಅವರು ನಿಂತುಬಿಟ್ಟರು. ಒಳಗೆ ಏಳನೇ ತರಗತಿಯ ಮಕ್ಕಳು ಮೊಣಕಾಲೂರಿ ಕೂತಿದ್ದರು. ಕೆಲವರು ಕೈಮುಗಿದಿದ್ದರು, ಒಬ್ಬ ಹುಡುಗ ಎದುರಿನವನ ಕಾಲರಿಗೆ ಕಾಗದದ ಚೂರು ಸಿಕ್ಕಿಸುತ್ತಿದ್ದ.

"ನಮ್ಮ ಮಗು ನಿಮ್ಮ ಪ್ರಾರ್ಥನೆ ಹೇಳ್ಬೇಕಾಗುತ್ತಾ?" ಮೇಷ್ಟ್ರು ಕೇಳಿದರು. ದನಿಯಲ್ಲಿ ತಮಾಷೆ ಇರಲಿಲ್ಲ.

"ಹೇಳ್ಬೇಕಂತಿಲ್ಲ. ಬೇರೆಯವರು ಹೇಳುವಾಗ ಸುಮ್ಮನೆ ನಿಂತ್ರೆ ಸಾಕು," ಎಂದರು ಸಿಸ್ಟರ್. "ಆದ್ರೆ ದಿನಾ ಕೇಳಿ ಕೇಳಿ ಬಾಯಿಗೆ ಬಂದೇ ಬರುತ್ತೆ. ಬರಲ್ಲ ಅಂತ ಸುಳ್ಳು ಹೇಳಲ್ಲ ನಾನು. ಮನೇಲಿ ಒಂದು ದಿನ ನಿಮ್ಮೆದುರೇ ಹೇಳ್ತಾಳೆ. ಆವಾಗ ನಿಮಗೆ ಬೇಜಾರಾಗಬಹುದು."

"ಫೇಲಾದೋರನ್ನ ಏನು ಮಾಡ್ತೀರಿ? ಹೊರಗೆ ಕಳಿಸ್ತೀರಂತೆ?"

"ಒಳಗೆ ಬಂದೋರನ್ನ ಕಳಿಸಲ್ಲ. ಒಳಗೆ ಬಾರದೆ ಹೋದೋರು ಬೇಕಾದಷ್ಟಿದ್ದಾರೆ. ಬಾಗಿಲು ನಿಮ್ಮದರಷ್ಟು ಅಗಲ ಇಲ್ಲ ಮೇಷ್ಟ್ರೇ, ಆ ಮಾತು ಒಪ್ಕೋತೀನಿ."

ಮೇಷ್ಟ್ರು ತಲೆಯಾಡಿಸಿ ಮುಂದೆ ನಡೆದರು. ಮೆಟ್ಟಿಲ ಬಳಿ ಮಗಳ ಕಿವಿಯ ಹತ್ತಿರ ಬಾಗಿ, "ನೇರ ಮಾತಾಡ್ತಾಳೆ ಪುಣ್ಯಾತ್ಗಿತ್ತಿ," ಎಂದರು. ಅವಳಿಗೆ ನಗು ಬಂತು. ಅಪ್ಪ ಗೆದ್ದುಬಿಟ್ಟಿದ್ದೇನೆಂದು ತಿಳಿದವರಂತೆ ಹಗುರಾಗಿದ್ದಾರೆ ಎನ್ನಿಸಿತು. ಹೇಳಿಯೇಬಿಡಬೇಕು, ಬಸ್ಸು ಹತ್ತುವ ಮೊದಲೇ ಹೇಳಿಬಿಡಬೇಕು, ಬಟಾಣಿ ನಿಮಗೇ ಎಂದು.

ಮೊದಲ ಮಹಡಿಯಿಂದ ಗದ್ದಲ ಕೇಳುತ್ತಿತ್ತು. ಸಿಸ್ಟರ್ ಕಟಾಂಜನ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ಮೇಲಿನಿಂದ ಒಬ್ಬಳು ಟೀಚರು ಮೂಗಿನಿಂದ ರಕ್ತ ಸೋರುತ್ತಿದ್ದ ಹುಡುಗನೊಬ್ಬನನ್ನು ತಲೆ ಹಿಂದಕ್ಕೆ ವಾಲಿಸಿಕೊಂಡು ಇಳಿಸುತ್ತ ಬಂದಳು.

"ತಲೆ ಹಿಂದಕ್ಕಲ್ಲ, ಮುಂದಕ್ಕೆ ಬಾಗಿಸಿ. ಮೂಗಿನ ಮೆತ್ತಗಿನ ಭಾಗ ಒತ್ತಿ ಹಿಡೀರಿ," ಎಂದಳು ಮಗಳು ತಕ್ಷಣ. ಟೀಚರು ಹಾಗೇ ಮಾಡಿ, "ಸಿಸ್ಟರ್, ಎರಡನೇ ಕ್ಲಾಸಲ್ಲಿ ಮಕ್ಕಳಷ್ಟೇ ಇದ್ದಾರೆ," ಎಂದು ಹೇಳಿ ಕೆಳಗೆ ಹೋದಳು.

ಆ ಗಲಾಟೆಯಲ್ಲಿ ಮೇಷ್ಟ್ರು ಮುಂದೆ ಹೋಗಿಬಿಟ್ಟಿದ್ದರು. ಮಗಳು ಮಹಡಿ ಹತ್ತಿ ಬರುವಷ್ಟರಲ್ಲಿ ವರಾಂಡದಲ್ಲಿ ಅವರಿರಲಿಲ್ಲ, ಗದ್ದಲವೂ ಇರಲಿಲ್ಲ. ಎರಡನೇ ತರಗತಿಯ ಬಾಗಿಲಿಗೆ ಬಂದು ನೋಡಿದಳು. ಮಕ್ಕಳೆಲ್ಲ ಎದ್ದು ನಿಂತಿದ್ದರು. ಅಪ್ಪ ಹಲಗೆಯ ಮುಂದೆ ನಿಂತು, ಕೈಯಲ್ಲಿ ಸೀಮೆಸುಣ್ಣ ಹಿಡಿದು, "ಕೂತ್ಕೊಳ್ಳಿ," ಎನ್ನುತ್ತಿದ್ದರು. ಟೀಚರಿಲ್ಲದ ತರಗತಿಯ ಸದ್ದು ಕೇಳಿದರೆ ಒಳಗೆ ಹೋಗುವುದು ಅವರ ಕಾಲಿನ ಅಭ್ಯಾಸ. ಇದು ಯಾರ ಶಾಲೆ ಎಂದು ಕಾಲು ಕೇಳಿರಲಿಲ್ಲ.

ಮಗಳು ಕರೆಯಲು ಬಾಯಿ ತೆರೆದಳು. ಹಿಂದಿನಿಂದ ಏದುಸಿರು ಬಿಡುತ್ತ ಬಂದ ಸಿಸ್ಟರ್ ಅವಳ ತೋಳು ಮುಟ್ಟಿ, ಇರಲಿ ಎಂಬಂತೆ ಕಣ್ಣು ಮಾಡಿದರು.

"ಈ ಕೋಣೆ ಎಷ್ಟುದ್ದ ಇದೆ?" ಮೇಷ್ಟ್ರು ಕೇಳಿದರು. "ನನ್ನ ಹತ್ರ ಅಳತೆಪಟ್ಟಿ ಇಲ್ಲ. ಟೇಪೂ ಇಲ್ಲ. ಹೇಗೆ ಅಳೀಲಿ?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಬೆಂಚಿನ ಕನ್ನಡಕದ ಹುಡುಗಿ ಕೈ ಎತ್ತಿ, "ಬೆಂಚು ಜೋಡಿಸಿ," ಎಂದಳು.

"ಭೇಷ್. ಆದ್ರೆ ಬೆಂಚು ಎಳೆದಾಡಿದ್ರೆ ಕೆಳಗಿನ ಕ್ಲಾಸಿನೋರು ಜಗಳಕ್ಕೆ ಬರ್ತಾರೆ. ಬೇರೆ?"

"ಮಲಗಿ ಮಲಗಿ ಅಳೀಬಹುದು ಸಾರ್!" ಎಂದ ಒಬ್ಬ ದಡೂತಿ ಹುಡುಗ.

"ಹೌದಾ? ಮಲಗು ನೋಡೋಣ."

ಹುಡುಗ ನಿಜವಾಗಿಯೂ ಗೋಡೆಗೆ ತಲೆ ತಾಗಿಸಿ ನೆಲದ ಮೇಲೆ ಉದ್ದಕ್ಕೆ ಮಲಗಿದ. ತರಗತಿ ನಗೆಯಲ್ಲಿ ಒಡೆಯಿತು. ಮೇಷ್ಟ್ರು ಅವನ ಕಾಲಿನ ಬಳಿ ಸೀಮೆಸುಣ್ಣದ ಗೆರೆ ಎಳೆದು, "ನಿದ್ದೆ ಮಾಡ್ಬೇಡ, ಇನ್ನೂ ನಾಲ್ಕು ಸಲ ಮಲಗ್ಬೇಕು ನೀನು," ಎಂದರು. ಸಿಸ್ಟರೂ ನಕ್ಕರು. ಮಗಳೂ ನಕ್ಕಳು. ಅಪ್ಪನ ಮುಖ ಹೊಳೆಯುತ್ತಿತ್ತು. ಈ ಮುಖ ಮನೆಯಲ್ಲಿ ಕಾಣಿಸುವುದಿಲ್ಲ. ಇದನ್ನು ತಾನು ಅವರಿಂದ ಕಿತ್ತುಕೊಳ್ಳಲಾರೆ ಎಂದುಕೊಂಡಳು.

ಆಗ ಅವಳಿಗೆ ಕೊನೇ ಬೆಂಚು ಕಾಣಿಸಿತು. ಬಟಾಣಿ ಯಾವ ಮಾಯದಲ್ಲೋ ಒಳಗೆ ಹೋಗಿ ಅದರ ತುದಿಯಲ್ಲಿ ಕೂತಿದ್ದಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

ಮೇಷ್ಟ್ರು ಈಗ ಹೆಜ್ಜೆಗೆ ಬಂದಿದ್ದರು. ಕನ್ನಡಕದ ಹುಡುಗಿ ಹಿಮ್ಮಡಿಗೆ ಕಾಲ್ಬೆರಳು ತಾಗಿಸಿ ಹೆಜ್ಜೆ ಇಡುತ್ತ ಗೋಡೆಯಿಂದ ಗೋಡೆಗೆ ನಡೆದಳು. ಆಮೇಲೆ ಮೇಷ್ಟ್ರು ತಾವೇ ನಡೆದರು. ಎರಡೂ ಲೆಕ್ಕ ಹಲಗೆಯ ಮೇಲೆ ಬರೆದರು.

"ಕೋಣೆ ಒಂದೇ. ನನಗೆ ಕಡಿಮೆ ಬಂತು, ಅವಳಿಗೆ ಜಾಸ್ತಿ ಬಂತು. ಯಾರು ತಪ್ಪು ಎಣಿಸಿದ್ದು?"

ಬಟಾಣಿಯ ಕೈ ಮೇಲೇರಿತು. ಅವಳಿಗೆ ಗೊತ್ತಿತ್ತು. ಮನೆಯ ಪಡಸಾಲೆಯನ್ನು ತಾತನೂ ಅವಳೂ ಎಷ್ಟೋ ಸಂಜೆ ಹೀಗೇ ಅಳೆದಿದ್ದರು.

ಮೇಷ್ಟ್ರು ಆ ಕಡೆ ನೋಡಿದರು. ಅವರ ಕಣ್ಣು ಬಟಾಣಿಯ ಕೈಯ ಮೇಲೆ ನಿಂತು, ಮುಂದೆ ಹೋಯಿತು. ಪಕ್ಕದ ಹುಡುಗನನ್ನು ಕೇಳಿದರು. ಅವನು ಅವಳೇ ತಪ್ಪು ಎಣಿಸಿದ್ದು ಎಂದ. ಬಟಾಣಿ ಕೈಯನ್ನು ಇನ್ನಷ್ಟು ಎತ್ತಿದಳು. ಮೇಷ್ಟ್ರು ಅವಳ ಮುಂದಿನ ಬೆಂಚಿನವನನ್ನು ಕೇಳಿದರು. ಅವನು ನೀವೇ ತಪ್ಪು ಎಂದ. ಮಕ್ಕಳು ಹೋ ಎಂದರು. ಬಟಾಣಿ ಎತ್ತಿದ ಕೈಯ ಮೊಣಕೈಗೆ ಇನ್ನೊಂದು ಕೈ ಆಸರೆ ಕೊಟ್ಟಳು. ಮೇಷ್ಟ್ರು ಕಿಟಕಿಯ ಪಕ್ಕದವಳನ್ನು ಕೇಳಿದರು, ಮೂಲೆಯವನನ್ನು ಕೇಳಿದರು. ಪ್ರತಿ ಸಲವೂ ಅವರ ನೋಟ ಆ ಬೆಂಚಿನ ಮೇಲೆ ಹಾದು ಹೋಗುತ್ತಿತ್ತು. ಕಡೆಗೆ ದಡೂತಿ ಹುಡುಗ ನೆಲದಿಂದಲೇ, "ಯಾರೂ ತಪ್ಪಲ್ಲ ಸಾರ್, ನಿಮ್ಮ ಕಾಲು ಉದ್ದ," ಎಂದು ಕೂಗಿದ. ಮೇಷ್ಟ್ರು ಅವನನ್ನು ಎಬ್ಬಿಸಿ ಬೆನ್ನು ತಟ್ಟಿದರು. ಬಟಾಣಿ ಕೈ ಇಳಿಸಿ ಅಂಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

ಮಗಳ ಮುಖದ ನಗು ಅಲ್ಲೇ ನಿಂತಿತ್ತು.

ಅಪ್ಪನ ಶಾಲೆಯಲ್ಲಿ ಅವಳು ಐದು ವರ್ಷ ಓದಿದವಳು. ಗೇಟಿನ ಒಳಗೆ ಅಪ್ಪನನ್ನು ಸಾರ್ ಎನ್ನಬೇಕಿತ್ತು. ಮನೆಯ ಮಗು ಮೊದಲು ಉತ್ತರ ಹೇಳಿದರೆ ಬೀದಿಯ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ ಎಂದು ಅಪ್ಪ ಮೊದಲ ದಿನವೇ ತಿಳಿಸಿ ಹೇಳಿದ್ದರು. ಅವಳಿಗದು ಸರಿಯೆನ್ನಿಸಿತ್ತು. ದೊಡ್ಡವಳಾದ ಮೇಲೂ ಸರಿಯೆನ್ನಿಸಿತ್ತು; "ನಮ್ಮಪ್ಪ ನನಗೆ ಅರ್ಧ ಮಾರ್ಕೂ ಹೆಚ್ಚು ಹಾಕಿದೋರಲ್ಲ" ಎಂದು ಆಸ್ಪತ್ರೆಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಹೆಡ್ ನರ್ಸು ಒಮ್ಮೆ, "ಅದಿರಲಿ, ಮೀಟಿಂಗಲ್ಲಿ ನಿನಗೆ ಗೊತ್ತಿದ್ರೂ ಡಾಕ್ಟರು ಕೇಳೋವರೆಗೆ ಯಾಕೆ ಬಾಯಿ ಬಿಡಲ್ಲ ನೀನು?" ಎಂದು ಕೇಳಿದ್ದಳು. ಅದು ತನ್ನ ಸ್ವಭಾವ ಎಂದು ಅವಳು ಉತ್ತರ ಕೊಟ್ಟಿದ್ದಳು. ಆ ಸ್ವಭಾವ ಹುಟ್ಟಿದ ಒಂದು ಬೆಂಚು, ಒಂದು ಹಲಗೆ, ಒಂದು ಜಾಗ ಇರಬಹುದೆಂದು ಅವಳಿಗೆ ಈ ತನಕ ಹೊಳೆದಿರಲಿಲ್ಲ.

ಟೀಚರು ವಾಪಸು ಬಂದಳು. ಮೇಷ್ಟ್ರು ಬೆಚ್ಚಿದವರಂತೆ ಸೀಮೆಸುಣ್ಣವನ್ನು ಅವಳಿಗೆ ಕೊಟ್ಟು, "ಕ್ಷಮಿಸಮ್ಮ, ಸದ್ದು ಕೇಳ್ತು, ಬಂದುಬಿಟ್ಟೆ," ಎಂದರು.

ಸಿಸ್ಟರ್ ಬಾಗಿಲಲ್ಲಿ ಅವರನ್ನು ತಡೆದರು. "ಸೋಮವಾರದಿಂದ ಬರ್ತೀರಾ ಮೇಷ್ಟ್ರೇ? ನಾನು ತಮಾಷೆ ಮಾಡ್ತಿಲ್ಲ."

"ಇಲ್ಲ ಸಿಸ್ಟರ್," ಎಂದರು ಮೇಷ್ಟ್ರು ಕೈ ಮೇಲಿನ ಪುಡಿ ಒರೆಸಿಕೊಳ್ಳುತ್ತ. "ನನಗೊಂದು ಕ್ಲಾಸಿದೆ."

ಬಸ್ ನಿಲ್ದಾಣದಲ್ಲಿ ನೆರಳಿತ್ತು. ಬಟಾಣಿ ಕಾಲುದಾರಿಯ ಚೌಕಗಳ ಮೇಲೆ, ಗೆರೆ ಮುಟ್ಟದಂತೆ, ಒಂದೊಂದೇ ಕಾಲಲ್ಲಿ ಜಿಗಿಯುತ್ತಿದ್ದಳು. ಮೇಷ್ಟ್ರು ಕಲ್ಲು ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಂಡರು.

"ಕೆಟ್ಟ ಶಾಲೆ ಅಲ್ಲ," ಎಂದರು. "ಅನ್ಯಾಯವಾಗಿ ಅನ್ನಬಾರದು. ಆ ದಡೂತಿ ಹುಡುಗ ಬುದ್ಧಿವಂತ. ಹಿಂದಿನ ಬೆಂಚಿನೋರೂ ಹೆದರದೆ ಮಾತಾಡ್ತಾರೆ."

"ಅಪ್ಪ, ಬಟಾಣಿ ಕೈ ಎತ್ತಿದ್ಲು."

"ನೋಡ್ದೆ."

"ನೀವು ಕೇಳ್ಲಿಲ್ಲ."

"ನಮ್ಮ ಮಗು ಅಲ್ವೇನಮ್ಮಾ," ಎಂದರು ಮೇಷ್ಟ್ರು. ನೀರು ತಣ್ಣಗಿದೆ ಎನ್ನುವಷ್ಟು ಸಹಜವಾಗಿ.

"ಅದು ನಿಮ್ಮ ಶಾಲೆ ಅಲ್ಲವಲ್ಲ ಅಪ್ಪ. ಅವಳು ನಿಮ್ಮ ಮೊಮ್ಮಗಳು ಅಂತ ಆ ಮಕ್ಕಳಿಗೆ ಗೊತ್ತೇ ಇರಲಿಲ್ಲ."

ಮೇಷ್ಟ್ರು ಯೋಚಿಸಿದರು. ಸುಮ್ಮನೆ ಉತ್ತರ ಕೊಡುವವರಲ್ಲ ಅವರು. ರಸ್ತೆಯಾಚೆ ಒಬ್ಬ ಅಂಗಡಿಯವನು ಶಟರ್ ಅರ್ಧ ಎತ್ತಿ, ಅದು ಸಿಕ್ಕಿಹಾಕಿಕೊಂಡಿತೆಂದು ಕೆಳಗಿನಿಂದ ಒದೆಯುತ್ತಿದ್ದ.

"ನನಗೆ ಗೊತ್ತಿತ್ತಲ್ಲ," ಎಂದರು.

ಅವಳು ಬೆಂಚಿನ ಇನ್ನೊಂದು ತುದಿಗೆ ಕೂತಳು. "ನಾನೂ ಎತ್ತುತ್ತಿದ್ದೆ."

"ಹೌದು, ನೀನೂ ಎತ್ತುತ್ತಿದ್ದೆ. ನಾಲ್ಕನೇ ಕ್ಲಾಸಿನ ಅರ್ಧದಲ್ಲಿ ಬಿಟ್ಟೆ."

ಅವಳು ತಿರುಗಿ ಅಪ್ಪನ ಮುಖ ನೋಡಿದಳು. "ನಿಮಗೆ ಗೊತ್ತಿತ್ತಾ?"

"ಯಾರ ಕೈ ಏಳುತ್ತೆ, ಯಾರ ಕೈ ಏಳೋದು ನಿಂತೋಯ್ತು ಅಂತ ಗೊತ್ತಾಗದೇ ಇದ್ರೆ ಅವನೆಂಥಾ ಮೇಷ್ಟ್ರು?" ಅವರ ದನಿ ತಗ್ಗಿತ್ತು. "ಗೊತ್ತಾಯ್ತು. ನಿಮ್ಮಮ್ಮನಿಗೂ ಹೇಳಿದ್ದೆ. ಒಂದು ಸಲ ಕೇಳಿಬಿಡಿ ಅಂದ್ಲು. ಒಂದು ಸಲ ಕೇಳಿದ್ರೆ ಇನ್ನೊಂದು ಸಲ ಕೇಳ್ಬೇಕಾಗುತ್ತೆ. ತಕ್ಕಡಿ ಒಂದು ಸಲ ವಾಲಿದ್ರೆ..."

ಬಟಾಣಿ ಚೌಕಗಳ ಕೊನೆ ಮುಟ್ಟಿ ಹಿಂದಕ್ಕೆ ತಿರುಗಿದಳು. "ತಾತಾ, ನೋಡಿಲ್ಲಿ! ಒಂದೂ ಗೆರೆ ಮುಟ್ಟಿಲ್ಲ!"

"ನೋಡ್ದೆ ಪುಟ್ಟಾ," ಎಂದರು ಮೇಷ್ಟ್ರು.

ಮಗಳು ಬಟಾಣಿಯ ಕಡೆಯಿಂದ ಅಪ್ಪನ ಕಡೆ ತಿರುಗಿದಳು. ಬೆಳಿಗ್ಗೆಯಿಂದ ನಾಲಿಗೆ ತುದಿಯಲ್ಲಿ ಇಟ್ಟುಕೊಂಡಿದ್ದ ಮಾತು ಬೇರೆಯಾಗಿತ್ತು. ಆಡಿದ್ದು ಇದನ್ನು:

"ಇಲ್ಲಿಗೇ ಸೇರಿಸ್ತೀನಿ ಅಪ್ಪ."

ಮೇಷ್ಟ್ರು ಕರವಸ್ತ್ರವನ್ನು ಎರಡು ಮಡಿಕೆ ಮಾಡಿ, ಮತ್ತೊಂದು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು.

"ಒಂಬತ್ತೇ ಆಗುತ್ತೆ," ಎಂದರು.

"ಗೊತ್ತು."

"ಬೇರೆ ಯಾರೂ ಉಳಿದಿಲ್ಲ. ಎಲ್ಲಾ ಮನೆಗೂ ಹೋಗಿಬಂದೆ."

"ಗೊತ್ತು ಅಪ್ಪ."

"ಅವಳನ್ನ ಕೇಳ್ತೀನಿ ಅಂತ ನಾನು ಈಗ ಮಾತು ಕೊಡಬಹುದು," ಎಂದರು ಮೇಷ್ಟ್ರು ನಿಧಾನವಾಗಿ. "ಕೊಟ್ರೆ ನೀನು ನಂಬ್ತೀಯ. ಆದ್ರೆ ನನ್ನ ಕೈಲಾಗಲ್ಲ. ಇವತ್ತೂ ಕೇಳ್ಬೇಕು ಅಂತ ಅನ್ನಿಸ್ತು. ಮೂರು ಸಲ ಬಾಯಿಗೆ ಬಂತು. ಆಗ್ಲಿಲ್ಲ."

ಅವಳು ಅಪ್ಪನ ತೋಳು ಹಿಡಿದಳು. ಅವರು ಬಿಡಿಸಿಕೊಳ್ಳಲಿಲ್ಲ, ಅವಳ ಕೈಮೇಲೆ ಕೈ ಇಡಲೂ ಇಲ್ಲ. ಅಂಗಡಿಯವನ ಶಟರು ದಡಾರೆಂದು ಮೇಲೆ ಹೋಯಿತು.

"ಸೋಮವಾರದವರೆಗೆ ಯಾಕೆ?" ಎಂದರು. "ಈಗಲೇ ಹೋಗಿ ಸಿಸ್ಟರಿಗೆ ಹೇಳಿ ಬಾ. ನೀನು ಮನೆಗೆ ಬಂದು ಯೋಚನೆ ಮಾಡೋಕೆ ಕೂತ್ರೆ ನಾನು ನಿನ್ನೆದುರು ಕೂತಿರ್ತೀನಿ. ನಿನ್ನ ಮನಸ್ಸು ಕೆಡುತ್ತೆ. ಹೋಗು, ಬಸ್ಸು ಬರೋಕೆ ಹೊತ್ತಿದೆ."

ಅವಳು ಎದ್ದು ರಸ್ತೆ ದಾಟಿದಳು. ಗೇಟಿನ ಬಳಿ ಒಮ್ಮೆ ತಿರುಗಿದಾಗ ಅಪ್ಪ ಇತ್ತ ನೋಡುತ್ತಿರಲಿಲ್ಲ. ಬಟಾಣಿಯ ಬೂಟಿನ ಲೇಸು ಕಟ್ಟಲು ಬಾಗಿದ್ದರು.

ಆ ವರ್ಷ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿ ತೆರೆಯಲಿಲ್ಲ. ಆ ಕೋಣೆಯ ಬೆಂಚುಗಳನ್ನು ಇಲಾಖೆಯ ಲಾರಿ ತೆಗೆದುಕೊಂಡು ಹೋಯಿತು. ಹೆಸರು ಕೊಟ್ಟಿದ್ದ ಒಂಬತ್ತು ಮಕ್ಕಳನ್ನು ರೈಲು ಹಳಿಯ ಆಚೆಗಿನ ದೊಡ್ಡ ಸರ್ಕಾರಿ ಶಾಲೆಗೆ ವರ್ಗಾಯಿಸಿದರು. ಪೇಂಟರ್ ಮನೆಯವರು ಬಂದು, ಮಗು ಹಳಿ ದಾಟಬೇಕಲ್ಲ ಮೇಷ್ಟ್ರೇ ಎಂದು ಬಾಗಿಲಲ್ಲೇ ನಿಂತು ಜಗಳವಾಡಿ ಹೋದರು. ಮೇಷ್ಟ್ರು ಮಗಳ ಹೆಸರು ಎತ್ತಲಿಲ್ಲ. ಆಮೇಲಿನ ಕೆಲವು ವಾರ ಊಟದ ಹೊತ್ತಿನಲ್ಲಿ ಹೇಳಲು ಅವರ ಹತ್ತಿರ ಏನೂ ಇರುತ್ತಿರಲಿಲ್ಲ; ಬಟಾಣಿಯೇ ಹೊಸ ಚೀಲದ ಬಗ್ಗೆ, ನೀರಿನ ಬಾಟಲಿಯ ಬಗ್ಗೆ ಮಾತಾಡುತ್ತಿದ್ದಳು.

ಶಾಲೆಗಳು ಶುರುವಾದ ದಿನ ಮಗಳಿಗೆ ಬೆಳಗಿನ ಪಾಳಿ. ಅಳಿಯ ರೈಲಿನ ಮೇಲಿದ್ದ. ಬಟಾಣಿಯನ್ನು ಬಸ್ಸಿನಲ್ಲಿ ಕಾನ್ವೆಂಟಿನ ಗೇಟಿಗೆ ಕರೆದುಕೊಂಡು ಹೋಗಿ ಬಿಟ್ಟದ್ದು ಮೇಷ್ಟ್ರೇ. ಅಲ್ಲಿಂದ ಅವರು ಮನೆಗೆ ಹೋಗಲಿಲ್ಲ. ಹಳಿ ದಾಟಿ ಆ ದೊಡ್ಡ ಶಾಲೆಗೆ ನಡೆದು ಹೋಗಿ, ಆ ಒಂಬತ್ತು ಮಕ್ಕಳ ತರಗತಿಗೆ ಪಾಠ ಮಾಡಲೇ ಎಂದು ಕೇಳಲು ಪರಿಚಯವಿಲ್ಲದ ಹೆಡ್‌ಮಿಸ್ಸಿನ ಕೋಣೆಯ ಹೊರಗೆ, ಮಕ್ಕಳನ್ನು ಸೇರಿಸಲು ಬಂದ ತಂದೆತಾಯಿಗಳ ಸಾಲಿನ ಕೊನೆಯಲ್ಲಿ ಕೂತರು. ಅವರನ್ನು ಒಳಗೆ ಕರೆದಾಗ ಹನ್ನೊಂದು ಗಂಟೆಯಾಗಿತ್ತು.